ಬೆಣಚುಕಲ್ಲು ಒಡೆದ ಕೋಣೆ

ನನ್ನ ಹುದ್ದೆಯ ಹೆಸರು ಡ್ರಾಫ್ಟ್ಸ್‌ಮನ್ ಎಂದಿತ್ತು. ಆ ಕುರ್ಚಿಗೆ ಹೆಂಗಸೊಬ್ಬಳು ಬರಬಹುದೆಂದು ಹೆಸರಿಟ್ಟವರು ಎಣಿಸಿರಲಿಲ್ಲ. ನಾನು ನಿವೃತ್ತಳಾಗುವವರೆಗೂ ಅದನ್ನು ಯಾರೂ ಬದಲಿಸಲಿಲ್ಲ, ನಾನೂ ಕೇಳಲಿಲ್ಲ. ಕೆಲಸ ಹೇಳುವುದಕ್ಕೆ ಸುಲಭ. ಸಾವಿರಾರು ವರ್ಷಗಳ ಹಿಂದೆ ಈ ಬೆಟ್ಟಗಳಲ್ಲಿ ಇದ್ದವರು ಒಡೆದು, ಉಜ್ಜಿ ಮಾಡಿದ ಕಲ್ಲಿನ ಆಯುಧಗಳು ನನ್ನ ಮೇಜಿಗೆ ಬರುತ್ತಿದ್ದವು. ಅವನ್ನು ಅಳೆದು, ಎದುರಿನಿಂದ ಒಂದು, ಹಿಂದಿನಿಂದ ಒಂದು, ಪಕ್ಕದಿಂದ ಒಂದು ಚಿತ್ರ ಬರೆಯಬೇಕು. ಎಲ್ಲಿ ಏಟು ಬಿತ್ತು, ಚಕ್ಕೆ ಯಾವ ಕಡೆಗೆ ಹಾರಿತು ಎನ್ನುವುದು ಗೆರೆಯಲ್ಲೇ ಗೊತ್ತಾಗಬೇಕು.

ಹೋದ ತಿಂಗಳು ಹರಿಹರಪುರದ ನಮ್ಮ ಮನೆಗೆ ಇಬ್ಬರು ಹುಡುಗಿಯರು ಬಂದಿದ್ದರು. ಇಬ್ಬರೂ ಬೇರೆ ಒಂದು ಕಡೆ ಇದೇ ಕೆಲಸಕ್ಕೆ ಹೊಸದಾಗಿ ಸೇರಿದವರು. ಈಗ ಕಲ್ಲನ್ನು ತಿರುಗುವ ಮಣೆಯ ಮೇಲಿಟ್ಟು ಸುತ್ತಲೂ ಫೋಟೋ ತೆಗೆದು ಕಂಪ್ಯೂಟರಿಗೆ ಹಾಕಿದರೆ ಆಯಿತಂತೆ. ನಾನು ಎರಡು ದಿನ ಕೂತು ಬರೆಯುತ್ತಿದ್ದದ್ದನ್ನು ಅವರು ಕಾಫಿ ಆರುವುದರೊಳಗೆ ಫೋನಿನಲ್ಲಿ ತಿರುಗಿಸಿ ತೋರಿಸಿದರು. ಚೆನ್ನಾಗಿತ್ತು. ಹೊರಡುವಾಗ ಒಬ್ಬಳು, "ಈ ಮಳೆಗಾಲ ನಾವೇ ಕಲ್ಲು ಒಡೆದು ಆಯುಧ ಮಾಡಿ ನೋಡ್ತೇವೆ ಮೇಡಂ. ಒಳಗೇ ಒಂದು ಹಾಲ್ ಕೊಟ್ಟಿದ್ದಾರೆ" ಎಂದಳು. ಆ ಹಾಲಿಗೆ ಎಷ್ಟು ಕಿಟಕಿ ಎಂದು ಕೇಳಿದೆ. ಅವಳಿಗೆ ನೆನಪಾಗಲಿಲ್ಲ. ಅವರು ಹೋದ ಮೇಲೆ ಇದನ್ನು ಬರೆಯಲು ಕೂತೆ.

ನಾನು ಕೆಲಸ ಮಾಡಿದ ಸಂಸ್ಥೆ ಈಗ ಇಲ್ಲ. ಕೊಪ್ಪದ ಅಂಚಿನಲ್ಲಿ ಹಳೆಯ ಅಕ್ಕಿ ಗಿರಣಿಯ ಗೋದಾಮನ್ನು ಬಾಡಿಗೆಗೆ ಹಿಡಿದು ನಡೆಸುತ್ತಿದ್ದರು. ನಮ್ಮ ನಿರ್ದೇಶಕರು ಬಯಲುಸೀಮೆಯವರು. ಕೆಟ್ಟ ಮನುಷ್ಯರಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅವರಿಗೆ ಒಂದು ಹಟ ಇತ್ತು. ಇಷ್ಟು ಮಳೆ, ಇಷ್ಟು ದಟ್ಟ ಕಾಡು ಇರುವ ಬೆಟ್ಟಗಳಲ್ಲಿ ಕಲ್ಲಿನ ಆಯುಧದ ಕಾಲದ ಮನುಷ್ಯ ಬದುಕಿರಲು ಸಾಧ್ಯವಿಲ್ಲ ಎಂದು ಅವರ ಗುರುಗಳೇ ಹಿಂದೆ ಹೇಳಿದ್ದರಂತೆ. ಅದು ತಪ್ಪು ಎಂದು ತೋರಿಸುವುದಕ್ಕಾಗಿಯೇ ಅವರು ಸಂಸಾರವನ್ನು ಊರಲ್ಲಿ ಬಿಟ್ಟು ಇಲ್ಲಿ ಬಂದು ಕೂತಿದ್ದರು. ಶೃಂಗೇರಿ, ಕೊಪ್ಪ, ನರಸಿಂಹರಾಜಪುರದ ಗುಡ್ಡಗಳಲ್ಲಿ ಅವರ ಹಿಂದೆ ನಡೆದು ನಡೆದು ನನ್ನ ಕಾಲಿನ ಮೀನಖಂಡ ಕಲ್ಲಾಗಿತ್ತು.

ನನ್ನ ಮೊದಲ ದೊಡ್ಡ ತಪ್ಪು ಕೆರೆಕಟ್ಟೆ ಎಂಬ ಊರಿನ ಕಡೆಯದು. ಅಲ್ಲಿನ ಒಂದು ಕಾಡುದಾರಿಯ ಬದಿಯಲ್ಲಿ ಚೀಲದ ತುಂಬ ಬೆಣಚುಕಲ್ಲಿನ ಚಕ್ಕೆ ಆರಿಸಿ ತಂದೆವು. ಹಾಲುಬಿಳುಪಿನ ಕಲ್ಲು, ಅಂಚು ಬ್ಲೇಡಿನಂತೆ. ಬೆಣಚುಕಲ್ಲನ್ನು ಬರೆಯುವುದು ಕಷ್ಟ. ಅದು ಹೊಳೆಯುತ್ತದೆ, ಏಟಿನ ಗುರುತನ್ನು ಬಿಟ್ಟುಕೊಡುವುದಿಲ್ಲ. ಹದಿನೈದು ದಿನ ಕಣ್ಣು ಕೀಲಿಸಿ ಬರೆದೆ. ನಿರ್ದೇಶಕರು ಹಾಳೆಗಳನ್ನು ಗೋಡೆಗೆ ಅಂಟಿಸಿಕೊಂಡು ಖುಷಿಪಟ್ಟರು.

ಆಗ ಗೋದಾಮಿನ ಅಂಗಳಕ್ಕೆ ಚಪ್ಪಡಿ ಹಾಸಲು ನರಸಿಂಹರಾಜಪುರದಿಂದ ಹೂವಪ್ಪ ಎನ್ನುವವರು ಬಂದಿದ್ದರು. ಒರಳು, ಬೀಸುವ ಕಲ್ಲು ಕಡೆಯುವುದು ಅವರ ಮನೆತನದ ಕೆಲಸ. ಮಿಕ್ಸಿ ಬಂದ ಮೇಲೆ ಅದಕ್ಕೆ ಕರೆಯುವವರು ಕಡಿಮೆಯಾಗಿ ಮೆಟ್ಟಿಲು, ಚಪ್ಪಡಿ ಅಂತ ಓಡಾಡುತ್ತಿದ್ದರು. ನನಗಿಂತ ಏಳೆಂಟು ವರ್ಷ ದೊಡ್ಡವರಾದರೂ ನನ್ನನ್ನು ಅಕ್ಕ ಎಂದೇ ಕರೆದರು. ನಾನು ತೊಳೆದು ಮೊರದಲ್ಲಿ ಒಣಗಿಸಿದ್ದ ಚಕ್ಕೆಗಳ ಮುಂದೆ ಅವರು ಕುಕ್ಕರುಗಾಲಲ್ಲಿ ಕೂತರು.

"ಇದನ್ನ ಎಂತಕ್ಕೆ ತೊಳ್ದಿದೀರಿ ಅಕ್ಕ?"

"ಹಳೇ ಕಾಲದವರು ಮಾಡಿದ ಆಯುಧ ಹೂವಪ್ಪ. ಕಬ್ಬಿಣ ಬರೋಕೆ ಮುಂಚೆಯದು."

ಅವರು ಒಂದನ್ನು ಎತ್ತಿ ಬಿಸಿಲಿಗೆ ಹಿಡಿದರು. ಇನ್ನೊಂದನ್ನು ಎತ್ತಿದರು.

"ಬೇಜಾರು ಮಾಡ್ಕೋಬೇಡಿ. ಇದು ರಸ್ತೆಗೆ ಜಲ್ಲಿ ಒಡೆದಿದ್ದು. ಏಟು ಬಿದ್ದ ಜಾಗ ನೋಡಿ, ಹಿಟ್ಟಾಗಿದೆ. ಕಲ್ಲಲ್ಲಿ ಕಲ್ಲು ಹೊಡೆದ್ರೆ ಹಿಂಗಾಗಲ್ಲ. ಈ ಕೆಂಪು ಗೆರೆ ಇದೆಯಲ್ಲ, ಅದು ಸುತ್ತಿಗೆಯ ತುಕ್ಕು."

ನಾನು ಆ ಕೆಂಪು ಗೆರೆಯನ್ನು ಹದಿನೈದು ದಿನ ನೋಡಿದ್ದೆ. ಮಣ್ಣಿನ ಕಲೆ ಎಂದುಕೊಂಡು ಬರೆಯದೆ ಬಿಟ್ಟಿದ್ದೆ. ನಿರ್ದೇಶಕರಿಗೆ ಹೇಳಿದಾಗ ಅವರ ಮುಖ ಕಪ್ಪಿಟ್ಟಿತು. ಮಾರನೆಯ ದಿನ ಒಬ್ಬರೇ ಜೀಪಿನಲ್ಲಿ ಹೋಗಿ ಆ ದಾರಿಯ ಬದಿಯನ್ನು ಕೆದಕಿ ಬಂದರು. ಪೊದೆಯ ಒಳಗೆ ಜಲ್ಲಿಯ ರಾಶಿ ಇತ್ತಂತೆ. ಗೋಡೆಯ ಹಾಳೆಗಳನ್ನು ತಾವೇ ಕಿತ್ತರು. ಅಂಗಳಕ್ಕೆ ಹೋಗಿ ಹೂವಪ್ಪನವರ ಎದುರು ನಿಂತು, "ಚಪ್ಪಡಿ ಮುಗಿದ ಮೇಲೆ ನಮ್ಮ ಜೊತೆ ಬರ್ತೀರಾ?" ಎಂದು ಕೇಳಿದರು. ಅಷ್ಟು ಓದಿದವರು ಹಾಗೆ ಕೇಳಿದ್ದನ್ನು ನಾನು ಗೌರವದಿಂದಲೇ ನೆನೆಯುತ್ತೇನೆ. ಮುಂದೆ ಆದದ್ದೆಲ್ಲ ಆ ಕರೆಯಿಂದಲೇ ಆಯಿತು ಎನ್ನುವುದೂ ಗೊತ್ತಿದೆ.

ಹೂವಪ್ಪ ಬಂದ ಮೇಲೆ ನಮಗೆ ಕಣ್ಣು ಬಂದ ಹಾಗಾಯಿತು. ಕೆರೆಕಟ್ಟೆ ಆಚೆಯ ಹುಲ್ಲುಗುಡ್ಡದ ನೆತ್ತಿಯಲ್ಲಿ ನಿಜವಾದ ಜಾಗ ಸಿಕ್ಕಿದ್ದು ಅವರಿಂದಲೇ. ಅಲ್ಲಿ ಬೆಣಚುಕಲ್ಲಿನ ಒಂದು ಬಿಳಿ ಪಟ್ಟೆ ಬಂಡೆಯನ್ನು ಸೀಳಿಕೊಂಡು ಹೋಗಿತ್ತು. ಅದರ ಪಕ್ಕದಲ್ಲಿ ಕೋಳಿಮೊಟ್ಟೆ ಗಾತ್ರದ ಬಡಿಗಲ್ಲುಗಳು, ನಡುವೆ ಗುಳಿಬಿದ್ದ ಅಡಿಗಲ್ಲುಗಳು, ಸುತ್ತ ಉಗುರಿನಷ್ಟು ಉಗುರಿನಷ್ಟು ಚಕ್ಕೆಗಳು. ಬಡಿಗಲ್ಲುಗಳು ಹೊಳೆಯ ಕಲ್ಲುಗಳು. ಯಾರೋ ಅವನ್ನು ಕಣಿವೆಯಿಂದ ಅಷ್ಟು ಎತ್ತರಕ್ಕೆ ಹೊತ್ತು ತಂದಿದ್ದರು. ಬೆಟ್ಟದಲ್ಲಿ ಬದುಕುವವರಿಗೆ ಯಾವ ಕಲ್ಲು ಎಲ್ಲಿದೆ ಎನ್ನುವುದು ನೀರು ಎಲ್ಲಿದೆ ಎನ್ನುವಷ್ಟೇ ಮುಖ್ಯವಾಗಿತ್ತು ಎಂದು ನನಗೆ ಅಲ್ಲಿ ಅರ್ಥವಾಯಿತು.

ಹೂವಪ್ಪ ಚಕ್ಕೆಗಳ ಹರವನ್ನು ಸುತ್ತು ಹಾಕಿ ನೋಡಿದರು. ಅದು ಬೀಸಣಿಗೆ ಬಿಚ್ಚಿಟ್ಟ ಹಾಗೆ ಒಂದೇ ಕಡೆಗೆ ಹರಡಿತ್ತು. ಅವರು ಬೀಸಣಿಗೆಯ ಹಿಡಿ ಇರಬೇಕಾದ ಜಾಗದಲ್ಲಿ ಹೋಗಿ ಕೂತರು.

"ಇಲ್ಲಿ ಕೂತಿದ್ದ ಆ ಮಾರಾಯ. ಗಾಳಿಗೆ ಬೆನ್ನು ಕೊಟ್ಟು."

"ಅದು ಹೇಗೆ ಗೊತ್ತಾಗ್ತದೆ?"

"ನಾನೂ ಹಂಗೇ ಕೂರೋದು. ಇಲ್ದಿದ್ರೆ ಹುಡಿ ಎಲ್ಲ ಬಾಯಿಗೆ. ನಮ್ಮಜ್ಜ ಮೊದಲು ಕಲಿಸಿದ್ದು ಅದು. ಸುತ್ತಿಗೆ ಹಿಡಿಯೋದು ಆಮೇಲೆ."

ನಾನು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ನಿರ್ದೇಶಕರು ಅದನ್ನು ವರದಿಯಲ್ಲಿ ಒಂದು ಸಾಲು ಮಾಡಿದರು. ಒಳ್ಳೆಯ ಸಾಲು ಸಿಕ್ಕಿತೆಂದು ಇಬ್ಬರಿಗೂ ಸಂತೋಷವಾಗಿತ್ತು. ಅದರಲ್ಲಿ ಇದ್ದ ಎಚ್ಚರಿಕೆ ಇಬ್ಬರ ಕಿವಿಗೂ ಬೀಳಲಿಲ್ಲ.

ಬೇಸಿಗೆಯಲ್ಲಿ ನರಸಿಂಹರಾಜಪುರದ ಕಡೆ ಭದ್ರಾ ಹಿನ್ನೀರು ಇಳಿದಾಗ ದಡದ ಕೆಸರು ಒಡೆದು ಬಾಯಿಬಿಡುತ್ತದೆ. ಆ ಬಿರುಕುಗಳಲ್ಲಿ ನಯವಾಗಿ ಉಜ್ಜಿದ ಕಪ್ಪು ಕಲ್ಲಿನ ಕೊಡಲಿಗಳು ಸಿಕ್ಕವು. ಒಂದು ಅಂಗೈ ಅಗಲ, ಮೀನಿನ ಮೈಯಂಥ ನುಣುಪು. ಅಲ್ಲಿಯ ಬಂಡೆಗಳಲ್ಲಿ ಕೊಡಲಿ ಉಜ್ಜಿ ಉಜ್ಜಿ ಆದ ದೋಣಿಯಾಕಾರದ ಗುಳಿಗಳೂ ಇದ್ದವು. ಹೂವಪ್ಪ ಗುಳಿಯಲ್ಲಿ ಬೆರಳಾಡಿಸಿ, "ನೀರು ಹಾಕ್ಕೊಂಡು ಉಜ್ಜಿದ್ದು. ಒಣಗಲ್ಲಲ್ಲಿ ಯಾರೂ ಉಜ್ಜಲ್ಲ" ಎಂದರು. ಅಂಥದೇ ಒಂದನ್ನು ಮಾಡಿ ನೋಡೋಣ ಎಂದು ನಿರ್ದೇಶಕರು ಹೇಳಿದ್ದು ಅಲ್ಲೇ.

ಮೊದಲ ಕೊಡಲಿಗೆ ಹೂವಪ್ಪ ಒಂದು ತಿಂಗಳು ತೆಗೆದುಕೊಂಡರು. ಹಿಡಿಯಲು ದಡಸಲು ಮರದ ಕಾವು, ಬೈನೆ ಮರದ ನಾರಿನ ಕಟ್ಟು, ಹಾಲುಮಡ್ಡಿಯನ್ನೂ ಜೇನುಮೇಣವನ್ನೂ ಕಾಯಿಸಿ ಮಾಡಿದ ಅಂಟು. ಗಾಳಿಗೆ ಬಿದ್ದ ಒಂದು ಮರವನ್ನು ಅದರಿಂದ ಕಡಿದೆವು. ಕಲ್ಲಿನ ಕೊಡಲಿ ಕಬ್ಬಿಣದ್ದರಂತೆ ಕಚ್ಚುವುದಿಲ್ಲ, ಮರವನ್ನು ಜಜ್ಜುತ್ತಾ ನಾರು ನಾರಾಗಿ ಬಿಡಿಸುತ್ತದೆ. ಬಲವಾಗಿ ಬೀಸಿದರೆ ಕಲ್ಲೇ ಒಡೆಯುತ್ತದೆ. ಸಣ್ಣ ಏಟು, ಮೊಣಕೈಯಿಂದ, ತಾಳ್ಮೆಯಿಂದ. ನಿರ್ದೇಶಕರು ಜೋರಾಗಿ ಬೀಸಿ ಒಂದನ್ನು ಎರಡು ಹೋಳು ಮಾಡಿದರು. ಹೂವಪ್ಪ ನಕ್ಕರು, ನಾವೂ ನಕ್ಕೆವು. ಬೆಣಚುಕಲ್ಲಿನ ಚಕ್ಕೆಯಿಂದ ಬೆತ್ತ ಸೀಳಿದೆವು, ಬಿದಿರು ಹೆರೆದೆವು. ಹಸಿ ಬಿದಿರಿಗೆ ಅಂಚು ಬೇಗ ಮೊಂಡಾಗುತ್ತಿತ್ತು. ಒಂದು ಕೆಲಸ ಮುಗಿಯುವುದರೊಳಗೆ ಹೊಸದು ಬೇಕು. ಅಂದರೆ ಆ ಜನ ದಿನವೂ ಕಲ್ಲು ಒಡೆಯುತ್ತಲೇ ಇದ್ದರು. ನಮ್ಮ ಪ್ರಯೋಗದ ಲೆಕ್ಕಕ್ಕೂ ಕಲ್ಲು ಒಡೆಯುತ್ತಲೇ ಇರಬೇಕಾಯಿತು.

ಬೇಸಿಗೆಯಲ್ಲಿ ಅಂಗಳದ ಹಲಸಿನ ಮರದ ಕೆಳಗೆ ಕೆಲಸ. ಮಳೆ ಹಿಡಿದ ಮೇಲೆ ಒಳಗೆ. ಗೋದಾಮಿನ ಮೂಲೆಯಲ್ಲಿ ಹಿಂದೆ ಭತ್ತದ ಚೀಲ ಇಡುತ್ತಿದ್ದ ಒಂದು ಕೋಣೆ ಇತ್ತು. ಅದಕ್ಕೆ ಎರಡು ಕಿಟಕಿ. ಹೂವಪ್ಪ ಒಂದು ಮೂಲೆಯಲ್ಲಿ ಒಡೆಯುತ್ತಿದ್ದರು, ನಾನು ಬಾಗಿಲ ಹತ್ತಿರ ಮೇಜು ಹಾಕಿಕೊಂಡು ಬರೆಯುತ್ತಿದ್ದೆ. ಚಕ್ಕೆ ಎದ್ದ ಕ್ರಮದಲ್ಲೇ ಬರೆಯಬೇಕೆಂದು ನಿರ್ದೇಶಕರ ನಿಯಮ. ಕಿಟಕಿಯಿಂದ ಇರಚಲು ಹೊಡೆದು ನನ್ನ ಟ್ರೇಸಿಂಗ್ ಹಾಳೆ ಸುರುಳಿ ಸುತ್ತಿಕೊಳ್ಳುತ್ತಿತ್ತು, ಶಾಯಿ ಹರಡುತ್ತಿತ್ತು. ಮೂರು ದಿನದ ಕೆಲಸ ಒಂದು ಮಧ್ಯಾಹ್ನದಲ್ಲಿ ಹಾಳಾದಾಗ ನಾನು ಹೂವಪ್ಪನವರಿಗೆ, "ಆ ಕಿಟಕಿ ಎರಡನ್ನೂ ಮುಚ್ಚಿಬಿಡಿ, ಬಲ್ಬು ಹಾಕ್ಕೊಳ್ಳೋಣ" ಎಂದೆ. ಅವರು ಎದ್ದು ಹೋಗಿ ಮುಚ್ಚಿದರು. ಸಂದಿಗೆ ಗೋಣಿತಾಟು ತುರುಕಿದರು. ಹಾಳೆ ನೆಟ್ಟಗಾಯಿತು.

ಐದು ಮಳೆಗಾಲ ಆ ಕಿಟಕಿಗಳು ಮುಚ್ಚಿದ್ದವು.

ಬೆಣಚುಕಲ್ಲನ್ನು ಅಡಿಗಲ್ಲಿನ ಮೇಲೆ ನಿಲ್ಲಿಸಿ ಮೇಲಿಂದ ಹೊಡೆದಾಗ ಚಕ್ಕೆಯ ಜೊತೆಗೆ ಹೊಗೆಯಂಥ ಒಂದು ಹುಡಿ ಏಳುತ್ತದೆ. ಬಲ್ಬಿನ ಬೆಳಕಿನಲ್ಲಿ ಅದು ಮಿನುಗುತ್ತಾ ಇಳಿಯುವುದು ಚೆಂದವಾಗಿ ಕಾಣುತ್ತಿತ್ತು. ನಾನು ಅದನ್ನು ಹಾಳೆಯಿಂದ ಬ್ರಷ್ಷಿನಲ್ಲಿ ಒರೆಸಿ ಬರೆಯುತ್ತಿದ್ದೆ. ಹೂವಪ್ಪ ಮುಖಕ್ಕೆ ಟವಲು ಸುತ್ತಿಕೊಳ್ಳುತ್ತಿದ್ದರು. ನೀರಿಲ್ಲದೆ ಕೊಡಲಿ ಉಜ್ಜಿದರೆ ಎಷ್ಟು ದಿನ ಹಿಡಿಯುತ್ತದೆ ಎಂದೂ ನೋಡಬೇಕು ಎಂದರು ನಿರ್ದೇಶಕರು. ಹೂವಪ್ಪ ಬೆಣಚಿನ ಮರಳು ಹಾಕಿ ಒಣಗಲ್ಲಿನಲ್ಲಿ ಉಜ್ಜಿದರು. ಹಾಗೆ ಯಾರೂ ಮಾಡಲ್ಲ ಎಂದು ಮತ್ತೊಮ್ಮೆ ಹೇಳಿದರು. ಹೋಲಿಸಿ ನೋಡುವುದಕ್ಕೆ ಬೇಕು ಎಂದು ನಿರ್ದೇಶಕರು ಹೇಳಿದರು. ಹೂವಪ್ಪ ಶನಿವಾರ ಮನೆಗೆ ಹೋಗುವಾಗ ಅರ್ಧ ಆದ ಕೊಡಲಿಗಳನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ ಭಾನುವಾರ ಮನೆಯಲ್ಲೇ ಉಜ್ಜಿ ತರುತ್ತಿದ್ದರು.

ಇನ್ನೊಂದು ವಿಷಯವನ್ನು ನಾನು ನಿವೃತ್ತಳಾಗುವವರೆಗೂ ಯಾರಿಗೂ ಹೇಳಿರಲಿಲ್ಲ. ನಮ್ಮ ಲೈಬ್ರರಿಯಲ್ಲಿ ಬೇರೆ ದೇಶದ ಕಲ್ಲುಕೆಲಸದ ಬಗ್ಗೆ ಒಂದು ದಪ್ಪ ಪುಸ್ತಕವಿತ್ತು. ಅದರ ಚಿತ್ರಗಳನ್ನು ನೋಡಿ ನಾನು ಗೆರೆ ಎಳೆಯುವುದನ್ನು ಕಲಿತೆ. ಅದರಲ್ಲಿ ಒಂದು ಪುಟದ ಕೆಳಗೆ, ಮನೆಯೊಳಗೆ ಕೂತು ಕಲ್ಲು ಒಡೆಯುತ್ತಿದ್ದವರು ಎದೆಯ ಕಾಯಿಲೆಯಿಂದ ಬೇಗ ಸಾಯುತ್ತಿದ್ದರು ಎಂದು ನಾಲ್ಕು ಸಾಲು ಇತ್ತು. ಎರಡನೆಯ ಮಳೆಗಾಲದಲ್ಲೇ ನಾನು ಅದನ್ನು ಓದಿದ್ದೆ. ಓದಿ, ಪಾಪ ಎಂದುಕೊಂಡು, ಪುಟ ತಿರುಗಿಸಿ ಚಿತ್ರ ನೋಡಿದೆ. ಹತ್ತು ಅಡಿ ಆಚೆ ಹೂವಪ್ಪ ಹೊಡೆಯುತ್ತಿದ್ದ ಶಬ್ದ ಕೇಳುತ್ತಿತ್ತು.

ಕೆಮ್ಮು ನಾಲ್ಕನೆಯ ಮಳೆಗಾಲದಲ್ಲಿ ಶುರುವಾಯಿತು. "ಎಂತದೂ ಇಲ್ಲ ಅಕ್ಕ, ಥಂಡಿ" ಎನ್ನುತ್ತಿದ್ದರು. ಮೈ ಇಳಿಯಿತು. ಊರಿನ ಡಾಕ್ಟರು ಎಕ್ಸ್‌ರೇ ನೋಡಿ ಕ್ಷಯ ಎಂದು ಮಾತ್ರೆ ಕೊಟ್ಟರು. ಮಾತ್ರೆ ನುಂಗುತ್ತಾ ಕೆಲಸಕ್ಕೆ ಬಂದರು. ಕ್ಷಯ ಅಂಟುತ್ತದೆಂದು ಹೆದರಿ ನಾನು ಮೇಜನ್ನು ಬಾಗಿಲ ಆಚೆಗೆ ಎಳೆದುಕೊಂಡೆ. ಇದನ್ನೂ ಬರೆಯುವುದು ಸರಿ.

ಆರು ತಿಂಗಳಾದರೂ ಗುಣ ಕಾಣದೆ ಅವರು ಶಿವಮೊಗ್ಗದ ಆಸ್ಪತ್ರೆಗೆ ಹೋದರು. ಅಲ್ಲಿಯ ಡಾಕ್ಟರು ಹೆಂಗಸು, ಚಿಕ್ಕ ವಯಸ್ಸಿನವರು. ಏನು ಕೆಲಸ ಎಂದು ಕೇಳಿದ ಮೊದಲನೆಯವರು ಅವರೇ. ಕಲ್ಲಿನ ಕೆಲಸ ಎಂದಾಗ, ಎಲ್ಲಿ, ಎಷ್ಟು ಕಾಲ, ಒಳಗೋ ಹೊರಗೋ ಎಂದು ಕೆಲಸ ಕೊಟ್ಟವರಿಂದ ಬರೆಸಿಕೊಂಡು ಬನ್ನಿ ಎಂದರಂತೆ. ಆ ಮಾತನ್ನು ಹೊತ್ತು ಹೂವಪ್ಪನವರ ಹೆಂಡತಿ ಜಯಮ್ಮ ಗೋದಾಮಿಗೆ ಬಂದರು. ನಾನು ಅವರನ್ನು ನೋಡಿದ್ದು ಅದೇ ಮೊದಲು. ಸಣ್ಣ ಆಳು. ಒಳಗೆ ಕರೆದರೂ ಬರದೆ ಚಪ್ಪಡಿಯ ಮೇಲೆ ನಿಂತಿದ್ದರು.

ನಾನು ಒಳಗೆ ಹೋಗಿ ವಿಷಯ ಹೇಳಿದೆ. ನಿರ್ದೇಶಕರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು.

"ಅವರು ಹನ್ನೆರಡನೇ ವಯಸ್ಸಿನಿಂದ ಕಲ್ಲು ಹೊಡೀತಿದ್ದಾರೆ. ಎದೆಯಲ್ಲಿರೋ ಧೂಳೆಲ್ಲ ನಮ್ಮದು ಅಂತ ಹೇಗೆ ಹೇಳೋದು?"

"ಹೊರಗೆ ಹೊಡೀತಿದ್ರು ಸರ್. ಇಲ್ಲಿ ಒಳಗೆ."

"ನೀವು ಒಳಗೆ ಅಂತ ಬರೆದು ಕೊಟ್ರೆ ನಾಳೆ ಕೋಣೆಗೆ ಬೀಗ ಬೀಳ್ತದೆ. ವರದಿಯ ಪುಸ್ತಕ ಮುಗಿಯೋಕೆ ಇನ್ನೊಂದು ವರ್ಷ ಬೇಕು. ಹನ್ನೊಂದು ವರ್ಷದ ಕೆಲಸ ಇದು." ಅವರ ದನಿಯಲ್ಲಿ ಗದರಿಕೆ ಇರಲಿಲ್ಲ, ಬೇಡಿಕೆ ಇತ್ತು. "ಆಗಾಗ, ಹೆಚ್ಚಾಗಿ ಬಯಲಿನಲ್ಲಿ, ಅಂತ ಬರೀರಿ. ಅದೂ ಸುಳ್ಳಲ್ಲ."

ಕೋಣೆಯ ಉಸ್ತುವಾರಿ ನನ್ನ ಹೆಸರಿನಲ್ಲಿತ್ತು. ಆದ್ದರಿಂದ ಸಹಿಯೂ ನನ್ನದೇ ಬೇಕಿತ್ತು. ನನ್ನ ಅಕ್ಷರ ಚೆನ್ನಾಗಿದೆ. ಆ ಚೀಟಿಯನ್ನೂ ಚೆನ್ನಾಗಿಯೇ ಬರೆದೆ. ಸಹಿ ಹಾಕಿ, ಮೊಹರು ಒತ್ತಿ, ಹೊರಗೆ ಹೋಗಿ ಜಯಮ್ಮನ ಕೈಗೆ ಕೊಟ್ಟೆ. ಅವರಿಗೆ ಓದಲು ಬರುತ್ತಿರಲಿಲ್ಲ. ಎರಡೂ ಕೈಯಿಂದ ತೆಗೆದುಕೊಂಡು, "ದೊಡ್ಡ ಉಪಕಾರ ಆಯ್ತು" ಎಂದರು.

ಆ ಚೀಟಿ ನೋಡಿ ಶಿವಮೊಗ್ಗದ ಡಾಕ್ಟರು ಕ್ಷಯದ ಮದ್ದನ್ನೇ ಬದಲಿಸಿ ಮುಂದುವರಿಸಿದರು. ಬೇಸಿಗೆಯಲ್ಲಿ ಹೂವಪ್ಪ ಸ್ವಲ್ಪ ಚೇತರಿಸಿಕೊಂಡ ಹಾಗೆ ಕಂಡರು. ಮಳೆ ಬಿದ್ದಾಗ ಮತ್ತೆ ಕೋಣೆಗೆ ಬಂದರು. ಬೇಡ ಎಂದು ನಾನು ಹೇಳಲಿಲ್ಲ. ಐದನೆಯ ಮಳೆಗಾಲ ಅದು.

ಶ್ರಾವಣದಲ್ಲಿ ಒಂದು ಬೆಳಿಗ್ಗೆ ಗೋದಾಮಿನ ಮೂರು ಮೆಟ್ಟಿಲು ಹತ್ತಲಾಗದೆ ಅವರು ಎರಡನೆಯದರ ಮೇಲೆ ಕೂತುಬಿಟ್ಟರು. ತುಟಿ ನೀಲಿಗಟ್ಟಿತ್ತು. ಮಾತಾಡಲು ನೋಡಿದರು. ಒಂದು ಮಾತಿಗೆ ಮೂರು ಉಸಿರು ಬೇಕಾಗಿತ್ತು. ನಾನು ಪಕ್ಕದಲ್ಲಿ ಕೂತು ಬೆನ್ನು ನೀವಿದೆ. ಮೇಜು ಆಚೆಗೆ ಎಳೆದುಕೊಂಡ ಮೇಲೆ ಅವರ ಹತ್ತಿರ ಕೂತದ್ದು ಅದೇ ಮೊದಲು. ಬೆನ್ನಿನ ಮೂಳೆ ಒಂದೊಂದೂ ಕೈಗೆ ಸಿಗುತ್ತಿತ್ತು.

ಮಾರನೆಯ ದಿನ ಯಾರಿಗೂ ಹೇಳದೆ ನನ್ನ ಹಾಳೆಗಳ ಕಟ್ಟು ತೆಗೆದುಕೊಂಡು ಶಿವಮೊಗ್ಗದ ಬಸ್ಸು ಹತ್ತಿದೆ. ಪ್ರತಿ ಹಾಳೆಯ ಮೂಲೆಯಲ್ಲೂ ದಿನ, ಹೊತ್ತು, ಜಾಗ ಬರೆಯುವ ಅಭ್ಯಾಸ ನನಗಿತ್ತು. ಡಾಕ್ಟರ ಮೇಜಿನ ಮೇಲೆ ಅವನ್ನು ಹರಡಿದೆ. ಅವರು ಒಂದೊಂದಾಗಿ ಮಗುಚಿದರು. ಒಳಕೋಣೆ, ಒಳಕೋಣೆ, ಒಳಕೋಣೆ.

"ಕೋಣೆಗೆ ಗಾಳಿ ಇತ್ತಾ?"

"ಕಿಟಕಿ ಮುಚ್ಚಿತ್ತು."

"ಯಾರು ಮುಚ್ಚಿಸಿದ್ದು?"

"ನಾನು. ಹಾಳೆ ಒದ್ದೆ ಆಗ್ತದೆ ಅಂತ."

ಅವರು ಫೈಲಿನಿಂದ ನನ್ನ ಚೀಟಿ ತೆಗೆದು ಹಾಳೆಗಳ ಪಕ್ಕದಲ್ಲಿಟ್ಟರು. ಅಕ್ಷರ ಒಂದೇ.

"ಇದಕ್ಕೆ ಸಹಿ ಹಾಕಿದ್ದೂ ನೀವೇ ಅಲ್ವಾ?"

ಹೌದು ಎಂದೆ. ಅವರು ಬೈಯಲಿಲ್ಲ. ಕಲ್ಲಿನ ಹುಡಿ ಶ್ವಾಸಕೋಶದಲ್ಲಿ ಕೂತರೆ ಹೊರಗೆ ಬರುವುದಿಲ್ಲ, ಅದರ ಸುತ್ತ ಗಾಯ ಒಣಗಿದ ಹಾಗೆ ಗಂಟು ಕಟ್ಟುತ್ತದೆ, ಅದಕ್ಕೆ ಮದ್ದಿಲ್ಲ ಎಂದು ಮೆಲ್ಲಗೆ ವಿವರಿಸಿದರು. "ಆಗಲೇ ಗೊತ್ತಾಗಿದ್ರೂ ನಾನು ಗುಣ ಮಾಡೋಕೆ ಆಗ್ತಿರ್ಲಿಲ್ಲ. ಆದ್ರೆ ಮತ್ತೆ ಆ ಕೋಣೆಗೆ ಹೋಗಬೇಡಿ ಅಂತ ಹೇಳ್ತಿದ್ದೆ."

ನಾನು ಹಿಂದಿರುಗಿ ಬಂದು ನಿರ್ದೇಶಕರಿಗೆ ಹೇಳಿದೆ. ಅವರು ಎದ್ದು ಕೋಣೆಗೆ ಹೋದರು. ಗೋಣಿತಾಟು ಕಿತ್ತು ಕಿಟಕಿಗಳನ್ನು ತೆರೆಯಲು ನೋಡಿದರು. ಐದು ಮಳೆಗೆ ಹಲಗೆ ಉಬ್ಬಿ ಬಿಗಿದಿತ್ತು. ಒಂದನ್ನು ಒದ್ದು ತೆರೆದರು. ಅಲ್ಲಿಗೆ ಆ ಕೋಣೆಯ ಕೆಲಸ ನಿಂತಿತು. ಆಮೇಲೆ ಅವರು ಹೂವಪ್ಪನವರ ಮನೆಗೆ ಎರಡು ಸಲ ಹೋದರಂತೆ. ಜಯಮ್ಮ ಹೇಳಿದ ಪ್ರಕಾರ ಎರಡು ಸಲವೂ ಚಹಾ ಕುಡಿದು, ಏನೂ ಮಾತಾಡದೆ ಎದ್ದು ಬಂದರಂತೆ.

ನಾನು ಹೋಗಿದ್ದು ಒಂದೇ ಸಲ. ಹೂವಪ್ಪ ಮಲಗಲು ಆಗದೆ, ಅಕ್ಕಿ ಮೂಟೆಗೆ ಒರಗಿ ಕೂತಿದ್ದರು. ಮಾತು ತುಂಡು ತುಂಡಾಗಿ ಬರುತ್ತಿತ್ತು.

"ಪುಸ್ತಕ ಬಂತಾ ಅಕ್ಕ?"

"ಅಚ್ಚಿಗೆ ಹೋಗಿದೆ."

"ನನ್ನ ಹೆಸರು?"

ಇದೆ ಎಂದೆ. ಆಗ ಇರಲಿಲ್ಲ. 'ಸ್ಥಳೀಯ ಕೂಲಿಯಾಳುಗಳ ನೆರವಿನಿಂದ' ಎಂದು ಮುನ್ನುಡಿಯಲ್ಲಿತ್ತು. ಕೊಪ್ಪಕ್ಕೆ ಬಂದವಳೇ ಚಿತ್ರಪುಟಗಳ ಮೂಲ ಹಾಳೆಗಳನ್ನು ತರಿಸಿಕೊಂಡು, ನನ್ನ ಕೈಯಕ್ಷರದಲ್ಲಿ ಪ್ರತಿ ಪುಟದ ಕೆಳಗೆ 'ಮಾಡಿದವರು: ಹೂವಪ್ಪ, ನರಸಿಂಹರಾಜಪುರ' ಎಂದು ಬರೆದೆ. ನಿರ್ದೇಶಕರು ಕರಡು ನೋಡುವಾಗ ಆ ಸಾಲಿನ ಮೇಲೆ ಪೆನ್ನು ಹಿಡಿದು ನಿಂತರು. ಹೊಡೆದುಹಾಕಲಿಲ್ಲ. ಮುನ್ನುಡಿ ಮಾತ್ರ ಹಾಗೇ ಉಳಿಯಿತು. ಪುಸ್ತಕ ಬರುವಷ್ಟರಲ್ಲಿ ಹೂವಪ್ಪ ಹೋಗಿ ತಿಂಗಳಾಗಿತ್ತು.

ಈ ಕೆಲಸಕ್ಕೆ ಬರುವವರಿಗೆ ನನ್ನ ಮಾತು ಇಷ್ಟು. ಕಲ್ಲನ್ನು ಬಯಲಲ್ಲಿ ಒಡೆಯಿರಿ, ನೀರು ಹಾಕಿ ಉಜ್ಜಿ, ಗಾಳಿಗೆ ಬೆನ್ನು ಕೊಟ್ಟು ಕೂರಿ. ಮುಖಕ್ಕೆ ಟವಲು ಸಾಲದು, ಅದಕ್ಕೆಂದೇ ಮಾಡಿದ ಮಾಸ್ಕು ಬೇಕು. ಮಳೆ ಬಂದರೆ ಕೆಲಸ ನಿಲ್ಲಿಸಿ. ಬೆಟ್ಟದ ಆ ಹಳೆಯ ಜನ ಏನು ಮಾಡಿದರು ಎಂದು ತಿಳಿಯಲು ಹೊರಟವರು ನಾವು. ಅವರು ಮಾಡದೇ ಇದ್ದ ಒಂದು ಕೆಲಸವನ್ನು ನಾವು ಮಾಡಿದೆವು. ಮುಚ್ಚಿದ ಕೋಣೆಯಲ್ಲಿ ಒಬ್ಬ ಮನುಷ್ಯನನ್ನು ಕೂರಿಸಿ, ಬಯಲಿಗೂ ಬಿಸಿಲಿಗೂ ಸೇರಿದ ಕೆಲಸವನ್ನು ಅವನಿಂದ ಮಾಡಿಸಿದೆವು. ಯಾವುದಾದರೂ ಕಾಗದಕ್ಕೆ ಸಹಿ ಕೇಳಿದರೆ, ಅದನ್ನು ಓದಲು ಬಾರದವರ ಕೈಗೆ ಅದು ಹೋಗುತ್ತದೆಯೇ ಎಂದು ಯೋಚಿಸಿ ಸಹಿ ಹಾಕಿ.

ಪುಸ್ತಕದ ಒಂದು ಪ್ರತಿ ಹಿಡಿದು ಜಯಮ್ಮನ ಮನೆಗೆ ಹೋದೆ. ಹೆಸರಿದ್ದ ಪುಟಗಳನ್ನು ಬೆರಳಿಟ್ಟು ತೋರಿಸಿದೆ. ಅವರು ಅಕ್ಷರದ ಮೇಲೆ ಬೆರಳು ಸರಿಸಿ ನೋಡಿದರು. ಆಮೇಲೆ ನಾನು ಹೇಳಬೇಕೆಂದು ಬಂದದ್ದನ್ನು ಹೇಳಿದೆ. ಕಿಟಕಿ ಮುಚ್ಚಿಸಿದ್ದು ನಾನು. ಚೀಟಿಯಲ್ಲಿ ಸುಳ್ಳು ಬರೆದದ್ದೂ ನಾನು.

"ಕಿಟಕಿ ವಿಷ್ಯ ಅವ್ರು ಹೇಳಿದ್ರು" ಎಂದರು ಜಯಮ್ಮ. "ಚೀಟಿದು ಗೊತ್ತಿರ್ಲಿಲ್ಲ."

ಅಷ್ಟೇ. ಕ್ಷಮಿಸಿದೆ ಎನ್ನಲಿಲ್ಲ, ಎದ್ದು ಹೋಗು ಎನ್ನಲೂ ಇಲ್ಲ. ನೀರು ತಂದುಕೊಡಲು ಒಳಗೆ ಹೋದರು. ಒಳಗಿನಿಂದ ಕೆಮ್ಮು ಕೇಳಿಸಿತು. ಒಣ ಕೆಮ್ಮು, ಚಿಕ್ಕದು, ಕೊನೆಯಲ್ಲಿ ಉಸಿರು ಎಳೆದುಕೊಳ್ಳುವಂಥದು. ಅದನ್ನು ನಾನು ಹತ್ತು ಅಡಿ ದೂರದಿಂದ ಎರಡು ಮಳೆಗಾಲ ಕೇಳಿದ್ದೆ.

"ಎಷ್ಟು ದಿನದಿಂದ ಜಯಮ್ಮ?"

"ಎಂತದು, ಕೆಮ್ಮಾ? ಹೋದ ಚಳಿಗಾಲದಿಂದ ಅದೆ."

"ಭಾನುವಾರ ಹೂವಪ್ಪ ಎಲ್ಲಿ ಕೂತು ಉಜ್ಜುತ್ತಿದ್ದದ್ದು?"

ಅವರು ಅಡುಗೆಮನೆಗೆ ಹೊಂದಿಕೊಂಡ ಸಣ್ಣ ಹಿಂದಿನ ಕೋಣೆ ತೋರಿಸಿದರು. "ಮಳೆಲಿ ಹೊರಗೆ ಆಗಲ್ಲ ಅಲ್ಲ. ಸೋಮವಾರ ಗುಡಿಸಿದ್ರೆ ಒಂದು ಮೊರ ಬಿಳಿ ಹುಡಿ ಬರ್ತಿತ್ತು."

ಮಾರನೆಯ ವಾರ ಇಬ್ಬರೂ ಶಿವಮೊಗ್ಗಕ್ಕೆ ಹೋದೆವು. ಅವರ ಎದೆಯಲ್ಲೂ ಹುಡಿ ಇದೆ. ಗಂಡನಿಗಿದ್ದಷ್ಟು ಇಲ್ಲ. ಮೆಲ್ಲಗೆ ಬೆಳೆಯಬಹುದು, ಇದ್ದಲ್ಲೇ ಇರಲೂಬಹುದು ಎಂದು ಡಾಕ್ಟರು ಹೇಳಿದರು. ಅಂದಿನಿಂದ ವರ್ಷಕ್ಕೊಮ್ಮೆ ನಾವಿಬ್ಬರೂ ಒಂದೇ ಸೀಟಿನಲ್ಲಿ ಕೂತು ಆ ಬಸ್ಸಿನಲ್ಲಿ ಹೋಗುತ್ತೇವೆ. ದಾರಿಯಲ್ಲಿ ಹೆಚ್ಚು ಮಾತಿಲ್ಲ. ಹೋದ ವರ್ಷ ಮೆಟ್ಟಿಲು ಹತ್ತುವಾಗ ಅವರು ನನ್ನ ತೋಳು ಹಿಡಿದುಕೊಂಡರು.

ಮೊದಲ ಸಲ ಹೋದ ದಿನ ಆಸ್ಪತ್ರೆಯಲ್ಲಿ ಚೀಟಿ ಮಾಡಿಸುವ ಕಿಟಕಿಯ ಹಿಂದೆ ಕೂತಿದ್ದ ಗುಮಾಸ್ತ ಹೆಸರು, ವಯಸ್ಸು ಕೇಳಿ, "ಕೆಲಸ?" ಎಂದ.

"ಮನೆಕೆಲಸ" ಎಂದರು ಜಯಮ್ಮ.

"ಹಾಗಲ್ಲ" ಎಂದು ನಾನು ಮುಂದೆ ಬಗ್ಗಿದೆ. "ಬೆಣಚುಕಲ್ಲಿನ ಹುಡಿ ಗುಡಿಸಿದ್ದು. ಮನೆಯೊಳಗೆ. ಐದು ಮಳೆಗಾಲ. ಹಾಗೇ ಬರ್ಕೊಳ್ಳಿ."

ಅಷ್ಟು ಜಾಗ ಇಲ್ಲ ಎಂದ ಅವನು. ನಾನು ಕಿಟಕಿ ಬಿಟ್ಟು ಸರಿಯಲಿಲ್ಲ. ಅವನು ಚೀಟಿ ತಿರುಗಿಸಿ ಹಿಂಬದಿಯಲ್ಲಿ ಬರೆದ. ಬರೆದದ್ದನ್ನು ಜಯಮ್ಮನಿಗೆ ಕೇಳುವ ಹಾಗೆ ಗಟ್ಟಿಯಾಗಿ ಓದಿ ಹೇಳಿ ಎಂದೆ. ಅವನು ಓದಿದ.